ಸೊಂಟ ಹಿಡಿದಿತ್ತು, ಅಳು ಬಂತು

ಮೆಲ್ಬೋರ್ನಿನಲ್ಲಿ ಒಂದು ರಸ್ತೆಯ ಹೆಸರು ಸಿಡ್ನಿ ರೋಡು. ಸಿಡ್ನಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ನನಗೆ ಬ್ರನ್ಸ್‌ವಿಕ್‌ನಲ್ಲಿ ಆ ರಸ್ತೆ ಪಕ್ಕದಲ್ಲೇ ಮನೆ ಸಿಕ್ಕಿದ್ದು ತಮಾಷೆಯೇ ಸರಿ. ದಿನಾ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಕೋಡ್ ಕುಟ್ಟಿ ಸೊಂಟ ಹಿಡ್ಕೊಂಡಿತ್ತು. 19ನೇ ನಂಬರಿನ ಟ್ರಾಮ್ ಹತ್ತಿ ಯೋಗದ ಕ್ಲಾಸಿಗೆ ಹೋದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಯೋಗಶಾಲೆ ನಡೆಸಿದವರು ಕೃಷ್ಣಮಾಚಾರ್ಯರು. ಅವರಿಂದ ಕಲಿತ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಅದನ್ನ ಜಗತ್ತಿಗೇ ಹಂಚಿದರು. ನಾನು ಮಾತ್ರ ಇಲ್ಲಿ ಬಂದು ಡಾಲರ್ ಕೊಟ್ಟು ಕಲೀಬೇಕು ನೋಡಿ!

ಒಂದು ಕಾಲು ಮುಂದೆ ಮಡಚಿ, ಇನ್ನೊಂದು ಹಿಂದೆ ಚಾಚಿ, ಹಣೆ ನೆಲಕ್ಕೆ ಊರಿ, ನಿಧಾನವಾಗಿ ಉಸಿರು ಬಿಡಿ ಅಂದ್ರು ಟೀಚರ್. ಎರಡೇ ನಿಮಿಷ, ಕಣ್ಣಲ್ಲಿ ನೀರು! ನೋವಿಗಲ್ಲ. ಅಜ್ಜಿ ನೆನಪಾದ್ಲು. ಸಿಡ್ನಿಯಲ್ಲಿದ್ದಾಗ, ರಿಲೀಸಿನ ಹಿಂದಿನ ರಾತ್ರಿ ಅಮ್ಮ ಫೋನ್ ಮಾಡಿ "ಅಜ್ಜಿ ಹೋಗ್ಬಿಟ್ರು ಕಣೋ" ಅಂದಿದ್ಲು. "ಸರಿ ಅಮ್ಮಾ" ಅಂದವನೇ ಮತ್ತೆ ಬಗ್ ಹುಡುಕೋಕೆ ಕೂತಿದ್ದೆ. ಊರಿಗೂ ಹೋಗ್ಲಿಲ್ಲ, ಅಳಲೂ ಇಲ್ಲ.

"ದುಃಖ ಸೊಂಟದಲ್ಲಿ ಕೂತಿರುತ್ತೆ" ಅಂದ್ರು ಟೀಚರ್. ಇಂಜಿನಿಯರ್ ಬುದ್ಧಿ, ನಂಬಲಿಲ್ಲ. ಸ್ನಾಯುವಿನಲ್ಲಿ ದುಃಖ ಶೇಖರಣೆ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಆದ್ರೆ ಒತ್ತಡದಲ್ಲಿ ಭುಜ, ದವಡೆ ಬಿಗಿಯಾಗೋದು ನಿಜ. ಉಸಿರನ್ನ ಉದ್ದಕ್ಕೆ ಬಿಟ್ಟಾಗ ವೇಗಸ್ ನರದ ಮೂಲಕ ಎದೆಬಡಿತ ನಿಧಾನ ಆಗೋದೂ ನಿಜ. ಹಳೇ ಮಾನಸಿಕ ಆಘಾತದಿಂದ ನರಳುತ್ತಿದ್ದ 64 ಹೆಂಗಸರ ಮೇಲೆ ಅಮೆರಿಕದ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ ತಂಡ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯ್ತು. 10 ವಾರ ಯೋಗ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ, ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ, ಆ ಕಾಯಿಲೆ ಇದೆ ಅನ್ನುವಷ್ಟು ಲಕ್ಷಣಗಳು ಉಳಿದಿರಲಿಲ್ಲ.

ನನ್ನ ಲೆಕ್ಕ ಇನ್ನೂ ಸರಳ. ಫೋನಿಲ್ಲದೆ, ಮಾನಿಟರ್ ಇಲ್ಲದೆ ಒಂದು ಗಂಟೆ ಸುಮ್ಮನಿದ್ದದ್ದು ಎಷ್ಟೋ ತಿಂಗಳಲ್ಲಿ ಅದೇ ಮೊದಲು. ಕ್ಯೂನಲ್ಲಿ ಕಾಯ್ತಿದ್ದ ಅಳು ತನ್ನ ಸರದಿ ತಗೊಂಡಿತು, ಅಷ್ಟೇ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ಅವತ್ತು ನೀನು ಬರೀ ಸರಿ ಅಂದ್ಯಲ್ಲ, ನಂಗೆ ಅದೇ ಹೆದ್ರಿಕೆ ಆಗಿತ್ತು ಕಣೋ" ಅಂದ್ಲು. ಆಮೇಲೆ ಇಬ್ರೂ ಅತ್ವಿ.

ಸೊಂಟ ಇನ್ನೂ ಪೂರ್ತಿ ಸರಿಹೋಗಿಲ್ಲ. ಊರಿಗೆ ಟಿಕೆಟ್ ಮಾತ್ರ ತಗೊಂಡಾಯ್ತು. ನಿಮಗೂ ಯಾವತ್ತಾದ್ರೂ ಹೀಗಾಗಿತ್ತಾ?