ಒಸಿ ಮಲಗ್ಲಿ ಬಿಡು

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ದಯವಿಟ್ಟು ‘ಸ್ವಲ್ಪ ಮಲಗಿ ಏಳಲಿ, ಸರಿಹೋಗುತ್ತೆ’ ಅನ್ನಬೇಡಿ. ನಮ್ಮ ಮನೆಯಲ್ಲಿ ಅಂದಿದ್ದೆವು. ಅದನ್ನು ಹೇಳಿಕೊಳ್ಳುವುದಕ್ಕೇ ಈ ಬರಹ.

2011ರ ಬೇಸಿಗೆ. ತಿಪಟೂರಿನಿಂದ ಒಂದಿಷ್ಟು ಒಳಕ್ಕಿರುವ ಊರು ನಮ್ಮದು. ಬೆಳಿಗ್ಗೆ ಹಾಲು ಕರೆದು ಬಂದು ಜಗುಲಿಯ ಮೇಲೆ ಕೂತಿದ್ದ ತಾತನ ಬಲಗೈಯಿಂದ ಕಾಫಿ ಲೋಟ ಜಾರಿತು. ‘ಜೋಮು ಹಿಡ್ದೈತೆ’ ಎಂದರು. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡವರ ಹಾಗಿತ್ತು ಆ ಮಾತು. ಪಿತ್ತ ಇರಬೇಕು ಎಂದು ಅಜ್ಜಿ ನಿಂಬೆಹಣ್ಣಿನ ಪಾನಕ ಕುಡಿಸಲು ಹೋದರು. ಅದು ಬಾಯಂಚಿನಿಂದ ಇಳಿದು ಅಂಗಿ ತೋಯಿಸಿತು. ಆಗ ಕರೆಂಟು ಬರುತ್ತಿದ್ದದ್ದೇ ರಾತ್ರಿ. ‘ರಾತ್ರಿಯೆಲ್ಲ ತೋಟಕ್ಕೆ ನೀರು ಹಾಯ್ಸವ್ರೆ, ಒಸಿ ಮಲಗ್ಲಿ ಬಿಡು’ ಎಂದರು ಅಜ್ಜಿ. ನಾವೆಲ್ಲ ಸದ್ದು ಮಾಡದೆ ಓಡಾಡಿದೆವು, ತಾತನಿಗೆ ಎಚ್ಚರವಾಗದಿರಲಿ ಎಂದು.

ಮಧ್ಯಾಹ್ನ ಎಬ್ಬಿಸಿದಾಗ ಬಲಭಾಗ ಪೂರಾ ಬಿದ್ದುಹೋಗಿತ್ತು. ಆಮೇಲೆ ಊರಿಗೆ ಊರೇ ಬಂತು, ಒಳ್ಳೆಯ ಮನಸ್ಸಿನಿಂದಲೇ. ಗಾಳಿ ಹೊಡೆದಿದೆ ಎಂದರು ಒಬ್ಬರು. ಲಕ್ವಕ್ಕೆ ನಾಟಿ ಔಷಧಿ ಕೊಡುವವರಲ್ಲಿಗೆ ಆಟೋದಲ್ಲಿ ಹೊತ್ತುಕೊಂಡು ಹೋದೆವು. ಎಣ್ಣೆ ನೀವಿದರು. ಪಾರಿವಾಳದ ಬಿಸಿರಕ್ತ ಹಚ್ಚಿದರೆ ನರ ಏಳುತ್ತದೆ ಎಂದು ಯಾರೋ ಹಕ್ಕಿಯನ್ನೂ ಹಿಡಿದು ತಂದರು. ಸಂಜೆ ಒಂದು ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಏರಿಸಿದರು. ಮಾರನೆಯ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ‘ಕೊನೇ ಸಲ ಇವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’

‘ನೆನ್ನೆ ಹಾಲು ಕರೆಯೋ ಹೊತ್ನಲ್ಲಿ, ಸ್ವಾಮಿ.’

ಡಾಕ್ಟರು ಅಜ್ಜಿಯ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅಜ್ಜಿಗೆ ಹಗುರಾಗುತ್ತಿತ್ತೇನೋ.

ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಲಕ್ವದಲ್ಲಿ ಬೀಳುವುದು ಕೈಕಾಲು, ಕೆಡುವುದು ಮೆದುಳು. ಹೆಚ್ಚಿನವರಲ್ಲಿ ಮೆದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಕೂತಿರುತ್ತದೆ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬುದು ತಜ್ಞರ ಅಂದಾಜು. ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ರೋಗಿ ಕೊನೇ ಸಲ ಸರಿಯಾಗಿದ್ದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದರಲ್ಲೂ ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಕೆಲವರಿಗೆ ತೊಡೆಸಂದಿಯ ನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. ಆರಿಸಿದ ರೋಗಿಗಳಲ್ಲಿ ಇದು 24 ಗಂಟೆಯವರೆಗೂ ಸಾಧ್ಯ. ಆದರೆ ಇನ್ನು ಕೆಲವರಲ್ಲಿ ನಾಳ ಒಡೆದು ರಕ್ತ ಸೋರಿರುತ್ತದೆ. ಅವರಿಗೆ ಅದೇ ಇಂಜೆಕ್ಷನ್ ಜೀವಕ್ಕೇ ಅಪಾಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ಹೃದಯಕ್ಕೆ ಒಳ್ಳೆಯದೆಂದು ಕೇಳಿರುವ ಆಸ್ಪಿರಿನ್ನನ್ನು ಮನೆಯಲ್ಲೇ ಕೊಟ್ಟುಬಿಡಬೇಡಿ ಅನ್ನುವುದು ಅದಕ್ಕೇ.

ತಾತ ಇನ್ನೂ ಆರು ವರ್ಷ ಬದುಕಿದರು. ಮಂಡಿಯಲ್ಲಿ ಕೊಬ್ಬರಿ ದರಕ್ಕೆ ಗಂಟೆಗಟ್ಟಲೆ ವಾದ ಹೂಡುತ್ತಿದ್ದ ಮನುಷ್ಯನಿಗೆ ಉಳಿದದ್ದು ಒಂದೇ ಮಾತು: ‘ಆಯ್ತು’. ಹಸಿವಾದರೆ ಆಯ್ತು, ನೋವಾದರೆ ಆಯ್ತು, ಸಿಟ್ಟು ಬಂದರೆ ಗೋಡೆ ಗುದ್ದಿ ಆಯ್ತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಒಂದು ಸಂಜೆ ನನ್ನ ತಂಗಿ ಮಗ್ಗಿ ಒಪ್ಪಿಸುತ್ತಿದ್ದಾಗ ಏಳೆಂಟ್ಲಲ್ಲಿ ತಡವರಿಸಿದಳು. ಒಳಗಿನಿಂದ ತಾತನ ದನಿ, ‘ಏಳೆಂಟ್ಲ ಐವತ್ತಾರು, ಏಳೊಂಬತ್ಲ ಅರವತ್ಮೂರು, ಏಳ್ಹತ್ಲ ಎಪ್ಪತ್ತು.’ ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ‘ನೀರು ಬೇಕಾ?’ ಎಂದು ಅಪ್ಪ ಕೇಳಿದರು. ‘ಆಯ್ತು’ ಎಂದರು ತಾತ. ಮಾತು ಹೋದವರಿಗೂ ಬಾಯಿಪಾಠವಾದದ್ದು ಹಾಗೆ ಬರುವುದುಂಟಂತೆ.

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ನಮ್ಮ ಚಿಕ್ಕತ್ತೆ ಹದಿನೈದು ದಿನಕ್ಕೆಂದು ರಜೆ ಹಾಕಿ ಬಂದವರು ಆ ಆರೂ ವರ್ಷ ವಾಪಸು ಹೋಗಲಿಲ್ಲ. ಎರಡು ಗಂಡಿನ ಕಡೆಯವರು ನೋಡಿ ಹೋದರು, ಮದುವೆಯಾಗಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಸುಣ್ಣ ಹೊಡೆಸುವಾಗ ದೀಪದ ಗೂಡಿನಲ್ಲಿ ತಾತನ ಬಿಪಿ ಮಾತ್ರೆಯ ಹಾಳೆ ಸಿಕ್ಕಿತು, ಅರ್ಧಕ್ಕರ್ಧ ತುಂಬಿದ್ದದ್ದು. ತಲೆಸುತ್ತು ನಿಂತಿತಲ್ಲ ಎಂದು ಅವರೂ ಬಿಟ್ಟಿದ್ದರು, ನಾವೂ ಕೇಳಿರಲಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಅನುಮಾನ ಬಂದ ಕೂಡಲೇ ಹಲ್ಲು ತೋರಿಸಲು ಹೇಳಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ಒಂದು ವಾಕ್ಯ ಹೇಳಿಸಿ. ಬಾಯಿ ಎಳೆದರೆ, ಕೈ ಇಳಿದರೆ, ನಾಲಿಗೆ ಹೊರಳದಿದ್ದರೆ, ಮೂರರಲ್ಲಿ ಒಂದಾದರೂ ಸಾಕು, ಗಡಿಯಾರ ನೋಡಿ ಹೊತ್ತನ್ನು ಬರೆದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಪಾನಕ, ಮಾತ್ರೆ ಏನೂ ಬೇಡ, ಉಸಿರ್ನಾಳಕ್ಕೆ ಹೋಗಬಹುದು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಬಿಡಬೇಡಿ. ಅದು ದೊಡ್ಡದಕ್ಕೆ ಮುನ್ಸೂಚನೆ ಇರಬಹುದು. ನಿಮ್ಮೂರಿಗೆ ಹತ್ತಿರದಲ್ಲಿ ರಾತ್ರಿ ಹೊತ್ತೂ ಸಿ.ಟಿ. ಸ್ಕ್ಯಾನ್ ನಡೆಯುವ, ಈ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದೆಂದು ಈ ವಾರವೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬಿಪಿ ಮಾತ್ರೆ ನುಂಗುವವರಿದ್ದರೆ ಇವತ್ತಿನದು ಆಯಿತೇ ಎಂದು ಕೇಳಿ. ಗದರಿದರೂ ಕೇಳಿ.

ನಮ್ಮ ಅಜ್ಜಿಗೆ ಈಗ ಎಂಬತ್ತರ ಮೇಲಾಗಿದೆ. ಅವರೆದುರು ಹಗಲು ಹೊತ್ತು ಯಾರೂ ಮಲಗುವ ಹಾಗಿಲ್ಲ. ಹೋದ ತಿಂಗಳು ಊರಿಗೆ ಹೋದವನು ಊಟ ಮಾಡಿ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದೆ. ಭುಜ ಹಿಡಿದು ಅಲ್ಲಾಡಿಸಿದರು. ‘ಕೈ ಎತ್ತು ಮಗ.’ ಎತ್ತಿದೆ. ‘ಎರಡೂನೂ ಎತ್ತು’ ಎಂದರು.