ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಬ್ಲಾಗಿಗೆ ಧೂಳು ಹಿಡಿದು ತಿಂಗಳ ಮೇಲಾಯ್ತು. ರಿಲೀಸು ರಿಲೀಸು ಅಂತ ಆಫೀಸಿನಲ್ಲಿ ಉಸಿರಾಡೋಕೂ ಪುರುಸೊತ್ತಿರಲಿಲ್ಲ. ಈ ಸಲ ಕತೆ, ಕವನ, ಹರಟೆ ಏನೂ ಇಲ್ಲ. ನಾನು ಮಾಡಿದ ಒಂದು ತಪ್ಪು, ಅದರಿಂದ ಹುಟ್ಟಿದ ಒಂದು ಅಭಿಪ್ರಾಯ, ಅಷ್ಟೆ. ಸ್ವಲ್ಪ ಟೆಕ್ನಿಕಲ್ ಆದೀತು, ಸಹಿಸಿಕೊಳ್ಳಿ :)

ನಮ್ಮದು ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟು. ಪೂರ್ತಿ ಬಿಲ್ಡ್ ಆಗಲು 40 ನಿಮಿಷ ಬೇಕು. ಹೊಸದಾಗಿ ಸೇರಿದ ಹುಡುಗನೊಬ್ಬ ("ಸರ್ ಅನ್ಬೇಡ ಮಾರಾಯ" ಅಂದ್ರೂ ಸರ್ ಬಿಡದವನು) ತಾನಾಗಿಯೇ ಓದಿಕೊಂಡು ಸಿಸಿಕ್ಯಾಶ್ ಹಾಕಿಕೊಟ್ಟ. 40 ನಿಮಿಷದ ಕೆಲಸ ಎರಡನೇ ಸಲಕ್ಕೆ 5 ನಿಮಿಷಕ್ಕೆ ಇಳಿಯಿತು. ಎಲ್ಲರೂ ಖುಷಿ.

ಸಿಸಿಕ್ಯಾಶ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಅಮ್ಮ ದಿನಾ ಮಸಾಲೆ ಹುರಿದು ಸಾರು ಮಾಡೋದಿಲ್ಲ, ಒಮ್ಮೆ ಪುಡಿ ಮಾಡಿ ಡಬ್ಬಿಗೆ ತುಂಬಿಡ್ತಾಳಲ್ಲ, ಹಾಗೆ. ಸೋರ್ಸ್ ಕೋಡ್, ಅದನ್ನು ಕಂಪೈಲ್ ಮಾಡುವ ಕಂಪೈಲರ್, ಅದಕ್ಕೆ ಕೊಟ್ಟ ಆಪ್ಷನ್ನುಗಳು ಇವೆಲ್ಲ ಸೇರಿಸಿ ಒಂದು ಹ್ಯಾಶ್ ತೆಗೆಯುತ್ತದೆ. ಅದೇ ಹ್ಯಾಶ್ ಮೊದಲೇ ಡಬ್ಬಿಯಲ್ಲಿದ್ದರೆ ಹಳೆಯ ಆಬ್ಜೆಕ್ಟ್ ಫೈಲನ್ನೇ ತೆಗೆದು ಕೊಡುತ್ತದೆ. ಒಂದು ಮೆಣಸಿನಕಾಯಿ ಆಚೀಚೆ ಆದರೂ ಹೊಸದಾಗಿ ಹುರಿಯಬೇಕು. ಸಾಂಬಾ, ಆರ್‌ಸಿಂಕ್ ಬರೆದ ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ಶುರುಮಾಡಿದ ತಂತ್ರಾಂಶ ಇದು. 2010ರಿಂದ ಜೋಯಲ್ ರೋಸ್ಡಾಲ್ ನೋಡಿಕೊಳ್ಳುತ್ತಿದ್ದಾರೆ.

ರಿಲೀಸಿಗೆ ಮೂರು ದಿನ ಇದೆ ಅನ್ನುವಾಗ ಒಂದು ಸಂಜೆ ಬಿಲ್ಡ್ ಅರ್ಧಕ್ಕೆ ನಿಂತಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕರ್ಸರ್ ಒಂದು ಮಿಣುಕ್ತಾ ಇದೆ. ಸಿಸಿಕ್ಯಾಶ್ ಆಫ್ ಮಾಡಿದೆ, ಬಿಲ್ಡ್ ಸರಾಗವಾಗಿ ಓಡಿತು. ಆನ್ ಮಾಡಿದೆ, ಮತ್ತೆ ಗರ ಬಡಿದ ಹಾಗೆ ನಿಂತಿತು.

ಹುಡುಗ ಹಿಂದೆ ನಿಂತು "ಸರ್, ಸಿಪಿಯು ಖಾಲಿ ಕೂತಿದೆ. ಆದ್ರೆ ಲೋಡ್ ಆವರೇಜ್ 8ರ ಹತ್ರ ಇದೆಯಲ್ಲಾ?" ಅಂದ. ನಾನು ಕೇಳಿಸಿಕೊಳ್ಳಲಿಲ್ಲ. ಡಬ್ಬಿಯೇ ಕೆಟ್ಟಿದೆ ಅಂತ ತೀರ್ಮಾನಿಸಿ ಕ್ಯಾಶ್ ಪೂರ್ತಿ ಅಳಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಓಡಿಸಿದರೆ ಚೆನ್ನಾಗಿ ಓಡಿತು! ಮೀಟಿಂಗಿನಲ್ಲಿ ಎಲ್ಲರೆದುರು "ಪೂರ್ತಿ ಗೊತ್ತಿಲ್ಲದ ಟೂಲು ತಂದು ಹಾಕಿದ್ರೆ ಹೀಗೇ ಆಗೋದು" ಅಂದೆ. ಅವನು ತಲೆ ತಗ್ಗಿಸಿ ಕೂತಿದ್ದ.

ಅವತ್ತು ಸಂಜೆ ಮತ್ತೆ ನಿಂತಿತು. ಮರುದಿನ ಸಂಜೆಯೂ.

ಮೂರನೇ ಸಲ ಸಿಸಿಕ್ಯಾಶನ್ನೇ ಕಿತ್ತು ಬಿಸಾಡೋಣ ಅಂತ ಹೊರಟಾಗ ಹುಡುಗ ಮೆಲ್ಲಗೆ ಅಂದ: "ಸರ್, ಒಂದ್ನಿಮಿಷ. ಕಿಲ್ ಮಾಡ್ಬೇಡಿ, ಹಾಗೇ ಇರ್ಲಿ, ನೋಡೋಣ." ಪಿಎಸ್ ಕಮ್ಯಾಂಡ್ ಹಾಕಿದ. ಸಿಸಿಕ್ಯಾಶಿನ ಎಂಟೂ ಪ್ರೋಸೆಸ್ಸು 'ಡಿ' ಸ್ಥಿತಿಯಲ್ಲಿದ್ದವು. ಅಂದರೆ ಲೆಕ್ಕ ಮಾಡುತ್ತಿಲ್ಲ, ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಉತ್ತರ ಬರಲಿ ಅಂತ ಕಾಯುತ್ತಿವೆ. ಹೀಗೆ ಕಾಯುವವರನ್ನೂ ಲಿನಕ್ಸ್ ಲೋಡ್ ಆವರೇಜಿಗೆ ಸೇರಿಸುತ್ತದೆ. ಅವನು ಮೊದಲ ದಿನವೇ ಹೇಳಿದ್ದು ಇದನ್ನೇ! ಆಮೇಲೆ ಇನ್ನೊಂದು ಟರ್ಮಿನಲ್ಲಿನಲ್ಲಿ ಹೋಮ್ ಡೈರೆಕ್ಟರಿಯ ಫೈಲುಗಳ ಪಟ್ಟಿ ಕೇಳಿದ, ಅಷ್ಟೇ. ಅದೂ ನಿಂತುಬಿಟ್ಟಿತು.

ಸಿಸಿಕ್ಯಾಶ್ ನಾವು ಬೇರೆ ಜಾಗ ಹೇಳದಿದ್ದರೆ ಹೋಮ್ ಡೈರೆಕ್ಟರಿಯೊಳಗೇ ಡಬ್ಬಿ ಇಡುತ್ತದೆ. ನಮ್ಮಲ್ಲಿ ಹೋಮ್ ಡೈರೆಕ್ಟರಿ ಇರೋದು ನಮ್ಮ ಮಶೀನಿನಲ್ಲಲ್ಲ, ಎನ್‌ಎಫ್‌ಎಸ್ ಮೂಲಕ ಬರುವ ಫೈಲ್ ಸರ್ವರಿನಲ್ಲಿ. ಸಾರಿನ ಪುಡಿ ಡಬ್ಬಿ ಪಕ್ಕದ ಮನೆಯಲ್ಲಿ, ಅವರು ಬೀಗ ಹಾಕಿಕೊಂಡು ಸಿನಿಮಾಕ್ಕೆ ಹೋಗಿದ್ದಾರೆ! ಸೋರ್ಸ್ ಕೋಡ್ ಲೋಕಲ್ ಡಿಸ್ಕಿನಲ್ಲೇ ಇದ್ದದ್ದರಿಂದ ಸಿಸಿಕ್ಯಾಶ್ ಇಲ್ಲದ ಬಿಲ್ಡಿಗೆ ಪಕ್ಕದ ಮನೆಯ ಹಂಗೇ ಇರಲಿಲ್ಲ. ಅಡ್ಮಿನ್ ಹತ್ತಿರ ವಿಚಾರಿಸಿದಾಗ ಗೊತ್ತಾಯ್ತು, ಸಂಜೆ 6 ಗಂಟೆಗೆ ಆ ಸರ್ವರಿನ ಬ್ಯಾಕಪ್ ಶುರುವಾಗುತ್ತದಂತೆ. ಸಂಜೆ ಹೊತ್ತು ಎಡಿಟರ್ ಆಮೆ ಆಗುತ್ತೆ ಅಂತ ಎಷ್ಟೋ ದಿನದಿಂದ ಎಲ್ಲರೂ ಗೊಣಗುತ್ತಲೇ ಇದ್ದೆವು. ಯಾರೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಡಬ್ಬಿಯನ್ನು ಲೋಕಲ್ ಡಿಸ್ಕಿಗೆ ತಂದಿಟ್ಟ ಮೇಲೆ ಬಿಲ್ಡ್ ಒಮ್ಮೆಯೂ ನಿಂತಿಲ್ಲ. ಎನ್‌ಎಫ್‌ಎಸ್ ಮೇಲೆ ಕ್ಯಾಶ್ ಇಟ್ಟರೆ ನಿಧಾನ ಆಗಬಹುದು, ಮೊದಲು ಅಳೆದು ನೋಡಿ ಅಂತ ಸಿಸಿಕ್ಯಾಶ್ ಕೈಪಿಡಿಯಲ್ಲೇ ಇದೆ. ಓದಿದವರು ಯಾರು?

ಈಗ ನನ್ನ ಅಭಿಪ್ರಾಯ. ಕೆಟ್ಟಾಗ ಅಳಿಸು, ರೀಸ್ಟಾರ್ಟ್ ಮಾಡು, ಮತ್ತೆ ಇನ್‌ಸ್ಟಾಲ್ ಮಾಡು ಅನ್ನೋ ಚಾಳಿ ನಮ್ಮ ಕಸುಬಿಗೆ ಅಂಟಿದ ದೊಡ್ಡ ರೋಗ. ಕ್ಯಾಶ್ ಆಫ್ ಮಾಡೋದು ತಪ್ಪಲ್ಲ. ಅದು ಪರೀಕ್ಷೆ, ತೊಂದರೆ ಯಾವ ದಿಕ್ಕಿನಲ್ಲಿದೆ ಅಂತ ಹೇಳುತ್ತದೆ. ರಿಲೀಸ್ ದಿನ ಆಫ್ ಮಾಡಿ ಕೆಲಸ ಮುಗಿಸಿದರೂ ನಾನು ಬೇಡ ಅನ್ನೋಲ್ಲ. ಆದರೆ ಅದನ್ನೇ ಮದ್ದು ಅಂತ ಬಗೆದು ಕಿತ್ತುಹಾಕಿದರೆ ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ. ಕ್ಯಾಶ್ ಅಳಿಸೋದಂತೂ ಇನ್ನೂ ಕೆಟ್ಟದ್ದು. ಅದರಿಂದ ಏನೂ ಗೊತ್ತಾಗೋದಿಲ್ಲ, ಮುಂದಿನ ಬಿಲ್ಡ್ ಮತ್ತೆ 40 ನಿಮಿಷ, ಜೊತೆಗೆ 'ಸರಿಹೋಯ್ತು' ಅನ್ನೋ ಸುಳ್ಳು ಸಮಾಧಾನ ಬೇರೆ. ಅವತ್ತು ಸರಿಹೋಗಿದ್ದು ನಾನು ಅಳಿಸಿದ್ದಕ್ಕಲ್ಲ, ಬೆಳಗಾಗಿದ್ದಕ್ಕೆ! ಆ ಸುಳ್ಳು ಸಮಾಧಾನದ ಮೇಲೆ ನಿಂತೇ ನಾನು ಒಬ್ಬನ ಮರ್ಯಾದೆ ಕಳೆದೆ.

ನಿಂತ ಬಿಲ್ಡನ್ನು ಕಿಲ್ ಮಾಡುವ ಮೊದಲು ಎರಡು ನಿಮಿಷ ಹಾಗೇ ಬಿಟ್ಟು ನೋಡಿ. ಯಾವ ಪ್ರೋಸೆಸ್ಸು ಕಾಯ್ತಿದೆ, ಯಾತಕ್ಕೆ ಕಾಯ್ತಿದೆ, ಡಬ್ಬಿ ಯಾರ ಮನೆಯಲ್ಲಿದೆ. ಸಿಸಿಕ್ಯಾಶಿಗೆ ಲಾಗ್ ಫೈಲ್ ಬರೆಯಲು ಹೇಳಬಹುದು, ಎಷ್ಟು ಸಲ ಡಬ್ಬಿಯಿಂದ ಸಿಕ್ಕಿತು, ಎಷ್ಟು ಸಲ ಸಿಗಲಿಲ್ಲ ಅನ್ನೋ ಲೆಕ್ಕವನ್ನೂ ಅದೇ ಕೊಡುತ್ತದೆ. ಇಷ್ಟೆಲ್ಲ ಕೈಯಲ್ಲಿದ್ದೂ ನಾವು ಮೊದಲು ಹುಡುಕೋದು ಬೈಯೋಕೆ ಒಬ್ಬ ಮನುಷ್ಯನನ್ನ.

ಬೈದದ್ದು ಎಲ್ಲರೆದುರಾದ್ದರಿಂದ ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರೇ "ತಪ್ಪು ನಂದು, ಕಂಡುಹಿಡಿದದ್ದು ಇವನು" ಅಂದೆ. ಅವನು "ಪರವಾಗಿಲ್ಲ ಸರ್" ಅಂದ. ಆದರೆ ಅದಾದ ಮೇಲೆ ಅವನು ಹೊಸ ಟೂಲು ಯಾವುದನ್ನೂ ತಂದಿಲ್ಲ. ಬಿಲ್ಡೇನೋ ಸರಿಹೋಯ್ತು, ಇದು ಸರಿಹೋಗೋಕೆ ಎಷ್ಟು ದಿನ ಬೇಕೋ.

ನಿಮ್ಮ ಆಫೀಸಿನಲ್ಲೂ ಇಂಥ ಎಮ್ಮೆಗಳು ಬರೆ ಹಾಕಿಸಿಕೊಂಡು ಕೂತಿರಬಹುದು. ಒಮ್ಮೆ ನೋಡಿ.