ಅಲಸಂದೆ ಎಲೆಯ ಲಸಿಕೆ ಯಾರ ಕೈಗೆ?



2013ರ ಕಾಲುಬಾಯಿ ಜ್ವರ ನಿಮಗೆ ಮರೆತಿರಲಾರದು. ನಮ್ಮ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಸಾವಿರಾರು ದನಗಳು ಹೋದವು. ಸೊಸೈಟಿ ಸಾಲದಲ್ಲಿ ತಂದ ಹಸು ಸತ್ತರೂ ಕಂತು ಕಟ್ಟೋದು ತಪ್ಪಲಿಲ್ಲ. ಪಂಚನಹಳ್ಳಿ ಹೋಬಳಿಯಂಥ ಮಳೆ ನಂಬಿದ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರ ನಡೆಯೋದೇ ಹಾಲು, ಕುರಿಯಿಂದ. ಆದ್ದರಿಂದ ಲಸಿಕೆಯ ಮಾತು ದನದ ಡಾಕ್ಟರಿಗೆ ಬಿಟ್ಟುಬಿಡುವ ಮಾತಲ್ಲ.

ಅಲಸಂದೆ ಎಲೆ ಮಚ್ಚೆಗಟ್ಟಿ ಮುದುಡುವುದನ್ನು ನೋಡಿದ್ದೀರಿ. ಅಂಥದ್ದೇ ರೋಗ ತರುವ ಒಂದು ವೈರಸ್ಸನ್ನು ವಿಜ್ಞಾನಿಗಳು ಕೆಲಸಕ್ಕೆ ಹಚ್ಚಿದ್ದಾರೆ. 1993ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಊರಿನ ಜಾನ್ ಇನ್ನೆಸ್ ಸಂಸ್ಥೆಯವರು ಈ ವೈರಸ್ಸಿನ ಮೈಮೇಲೆ ಕಾಲುಬಾಯಿ ಜ್ವರದ ವೈರಸ್ಸಿನ ಸಣ್ಣ ತುಣುಕೊಂದನ್ನು ಕೂರಿಸಿ ಅಲಸಂದೆ ಗಿಡದಲ್ಲೇ ಬೆಳೆಸಿದರು. ಬರೀ ತುಣುಕಿನಿಂದ ರೋಗ ಬರುವುದಿಲ್ಲ, ಆದರೆ ಶತ್ರುವಿನ ಗುರುತು ದನದ ಮೈಗೆ ಸಿಗಬಹುದು ಅನ್ನೋದು ಲೆಕ್ಕ. ಅದು ಲಸಿಕೆಯಾಗಿ ಹಟ್ಟಿಗೆ ಬರಲಿಲ್ಲ, ದಾರಿ ತೋರಿಸಿತು ಅಷ್ಟೆ. 2013ರಲ್ಲಿ ಅದೇ ಸಂಸ್ಥೆಯವರು ಅಲಸಂದೆ ವೈರಸ್ಸಿನ ಸಹಾಯದಿಂದ ಹೊಗೆಸೊಪ್ಪಿನ ಜಾತಿಯ ಗಿಡದಲ್ಲಿ ಕುರಿಗಳ ನೀಲಿನಾಲಿಗೆ ವೈರಸ್ಸಿನ ಖಾಲಿ ಚಿಪ್ಪು ಮಾಡಿದರು. ಒಳಗೆ ತಿರುಳಿಲ್ಲದ ಕಾಯಿ ಅಂದುಕೊಳ್ಳಿ. ಅದನ್ನು ಚುಚ್ಚಿಸಿಕೊಂಡ ಕುರಿಗಳು ರೋಗ ತಡೆದವು.

ಇದರಲ್ಲಿ ನಮಗೇನು ಅಂತೀರಾ? ಈಗಿನ ಕಾಲುಬಾಯಿ ಲಸಿಕೆಗೆ ಜೀವಂತ ವೈರಸ್ಸನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಆಮೇಲೆ ಕೊಲ್ಲಬೇಕು. ಅದು ಹೊರಗೆ ಬಾರದಂತೆ ಭಾರೀ ಕಾವಲು, ಭಾರೀ ಖರ್ಚು. ಎಲೆಯಲ್ಲಿ ಆ ಭಯವಿಲ್ಲ. ಖರ್ಚು ಇಳಿದೀತು. ಇಳಿದ ಖರ್ಚು ಯಾರ ಜೇಬಿಗೆ ಹೋಗುತ್ತದೆ ಅನ್ನೋದೇ ನನ್ನ ತಕರಾರು.

ಬಿಟಿ ಹತ್ತಿ ನೆನಪಿರಲಿ. 450 ಗ್ರಾಂ ಪ್ಯಾಕೆಟ್ಟಿಗೆ 1600 ರೂಪಾಯಿ ದಾಟಿತ್ತು. 2006ರಲ್ಲಿ ಆಂಧ್ರ ಸರ್ಕಾರ ಹಠ ಹಿಡಿದ ಮೇಲೆ 750ಕ್ಕೆ ಇಳಿಯಿತು. ಅಲ್ಲಿಯವರೆಗೆ ಹೆಚ್ಚಿಗೆ ಕೊಟ್ಟವರು ಯಾರು ಸ್ವಾಮಿ?

ಕಾಲುಬಾಯಿ ಸೂಜಿ ಪುಕ್ಕಟೆಯಲ್ಲವೇ ಅನ್ನಬಹುದು. 2019ರಿಂದ ಕೇಂದ್ರದ ಯೋಜನೆಯಲ್ಲಿ ಪುಕ್ಕಟೆ, ನಿಜ. ಆದರೆ ಸರ್ಕಾರ ಕೊಳ್ಳುವುದು ನಮ್ಮ ತೆರಿಗೆ ದುಡ್ಡಿನಲ್ಲೇ. ಯೋಜನೆ ನಿಂತ ದಿನ ಬಿಲ್ಲು ಹಟ್ಟಿ ಬಾಗಿಲಿಗೇ ಬರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ದನಕುರಿಗಳ ಲಸಿಕೆ ಮಾಡುವ ಸರ್ಕಾರಿ ಸಂಸ್ಥೆ ಇದೆ. ಎಲೆಯ ಲಸಿಕೆ ಅಲ್ಲಿ ಆಗಲಿ, ಪೇಟೆಂಟ್ ಸಾರ್ವಜನಿಕರ ಕೈಲಿರಲಿ, ಡೋಸಿನ ಅಸಲು ಖರ್ಚು ಎಷ್ಟೆಂದು ಬರೆದು ಹಾಕಲಿ. ಬರುವ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ನಿಮ್ಮ ಶಾಸಕರಿಗೆ ಕಳಿಸಿ. ಅವರ ಉತ್ತರ ಬಂದರೆ ಈ ಪತ್ರಿಕೆಗೂ ಒಂದು ಪ್ರತಿ ಹಾಕಿ, ಅಚ್ಚು ಮಾಡೋಣ.